ಬರ್ಲಿನ್, ಸಿಂಗಪುರ, ದುಬೈ, ಅಮೆರಿಕ: ಸ್ಟಾರ್ಟಪ್ ಕೆಲಸಕ್ಕೆ ಹೊರಡುವ ಮುನ್ನ ನಮ್ಮ ಜಿಲ್ಲೆಯವರು ತೂಗಿ ನೋಡಬೇಕಾದ್ದು

ಉತ್ತರ ಕನ್ನಡದ ಮಕ್ಕಳು ಹೊರದೇಶಕ್ಕೆ ಹೋಗುವುದು ಹೊಸತಲ್ಲ. ಭಟ್ಕಳದಿಂದ ಕೊಲ್ಲಿಗೆ ಹೋಗುವ ದಾರಿ ತಲೆಮಾರುಗಳಷ್ಟು ಹಳೆಯದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ಬೆಂಗಳೂರಿನ ಐಟಿ ಕಂಪನಿ ಸೇರಿ, ಅಲ್ಲಿಂದ ಆನ್‌ಸೈಟ್ ಎಂದು ಅಮೆರಿಕಕ್ಕೆ ಹೋದವರು ಈಗ ಊರೂರಿನಲ್ಲೂ ಇದ್ದಾರೆ. ಆದರೆ ಈಚೆಗೆ ಬರುತ್ತಿರುವ ಆಫರ್‌ಗಳು ಬೇರೆ ಥರದವು. ನಲವತ್ತೋ ಐವತ್ತೋ ಜನರ ಸ್ಟಾರ್ಟಪ್, ಮೂರ್ನಾಲ್ಕು ವಿಡಿಯೊ ಸಂದರ್ಶನ, ಸಂಬಳದ ಜೊತೆಗೆ ಒಂದಿಷ್ಟು ಷೇರು, ಬೇಗ ಬಂದು ಸೇರಿಕೊಳ್ಳಿ ಎನ್ನುವ ಇಮೇಲ್. ಮನೆಯಲ್ಲಿ ಕೇಳುವುದು ಸಂಬಳ ಎಷ್ಟು ಎಂದು, ಗೆಳೆಯರು ಕೇಳುವುದು ಯಾವ ದೇಶ ಎಂದು. ಎರಡಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ಕಂಪನಿ ಒಂದು ವರ್ಷದಲ್ಲಿ ಬಾಗಿಲು ಹಾಕಿದರೆ ಆ ದೇಶ ನನ್ನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತದೆ, ಆ ದಿನಗಳಲ್ಲಿ ಬಾಡಿಗೆ ಮತ್ತು ಊಟಕ್ಕೆ ದಾರಿ ಏನು?

ಸ್ಟಾರ್ಟಪ್ ನಡೆಯುವುದು ಹೆಚ್ಚಾಗಿ ಹೂಡಿಕೆದಾರರ ಹಣದಲ್ಲಿ. ಮುಂದಿನ ಸುತ್ತಿನ ಹೂಡಿಕೆ ಬರದಿದ್ದರೆ ಒಳ್ಳೆಯ ತಂಡ, ಒಳ್ಳೆಯ ಉತ್ಪನ್ನ ಇದ್ದೂ ಕಂಪನಿ ಮುಚ್ಚಬಹುದು, ಅಥವಾ ಅರ್ಧ ಜನರನ್ನು ಕಳಿಸಬಹುದು. ಬೆಂಗಳೂರಿನಲ್ಲಿ ಹೀಗಾದರೆ ರಾತ್ರಿ ಬಸ್ಸು ಹತ್ತಿ ಊರಿಗೆ ಬಂದು ಒಂದು ತಿಂಗಳು ಕೂತು ಯೋಚಿಸಬಹುದು. ಹೊರದೇಶದಲ್ಲಿ ವೀಸಾ ಕೆಲಸಕ್ಕೆ ಕಟ್ಟಿಕೊಂಡಿರುತ್ತದೆ, ಕೆಲಸ ಹೋದ ದಿನವೇ ಎಣಿಕೆ ಶುರು. ಅದಕ್ಕೇ ನಾನು ಈ ನಾಲ್ಕು ಜಾಗಗಳನ್ನು ಸಂಬಳದ ಸಾಲಿನಲ್ಲಿ ನಿಲ್ಲಿಸುವ ಬದಲು ಈ ಎಣಿಕೆಯ ಸಾಲಿನಲ್ಲಿ ನಿಲ್ಲಿಸಿ ನೋಡುತ್ತೇನೆ.

ಕೆಲಸ ಹೋದರೆ ಏನು

ಸಿಂಗಪುರದಲ್ಲಿ ಎಂಪ್ಲಾಯ್‌ಮೆಂಟ್ ಪಾಸ್ (ಹೊರಗಿನ ವೃತ್ತಿಪರರಿಗೆ ಕೊಡುವ ಕೆಲಸದ ಪರವಾನಗಿ) ರದ್ದಾದ ಮೇಲೆ ಸಾಮಾನ್ಯವಾಗಿ 30 ದಿನದ ಸಂದರ್ಶಕ ಪಾಸ್ ಸಿಗುತ್ತದೆ. ಅಷ್ಟರೊಳಗೆ ಹೊಸ ಕಂಪನಿ ಹುಡುಕಬೇಕು, ಆ ಕಂಪನಿ ಹೊಸದಾಗಿ ಪಾಸ್‌ಗೆ ಅರ್ಜಿ ಹಾಕಬೇಕು. ಹೊರಗಿನಿಂದ ಬಂದ ನೌಕರರಿಗೆ ನಿರುದ್ಯೋಗ ಭತ್ಯೆ ಇಲ್ಲ. ಒಂದು ತಿಂಗಳೆಂದರೆ ಸಂದರ್ಶನದ ಎರಡನೇ ಸುತ್ತು ಮುಗಿಯುವ ಹೊತ್ತಿಗೆ ತೀರಿಹೋಗುವಷ್ಟು ಸಮಯ.

ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಇದ್ದವರಿಗೆ 60 ದಿನ. ಅಲ್ಲಿಗೆ ತಲುಪುವುದೇ ಈಗ ಕಷ್ಟ. ವರ್ಷಕ್ಕೆ 65,000 ವೀಸಾ, ಅಮೆರಿಕದಲ್ಲೇ ಮಾಸ್ಟರ್ಸ್ ಓದಿದವರಿಗೆ ಇನ್ನೂ 20,000. ಅರ್ಜಿಗಳು ಇದಕ್ಕಿಂತ ಎಷ್ಟೋ ಹೆಚ್ಚು ಇರುವುದರಿಂದ ಆಯ್ಕೆಯೆಂಬ ಜರಡಿ ದಾಟಬೇಕು. ಇದರ ಮೇಲೆ, ದೇಶದ ಹೊರಗಿರುವವರಿಗಾಗಿ ಹಾಕುವ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಆದೇಶ 2025ರ ಸೆಪ್ಟೆಂಬರ್‌ನಲ್ಲಿ ಬಂತು. ದೊಡ್ಡ ಕಂಪನಿ ಹೇಗೋ ಭರಿಸೀತು. ನಲವತ್ತು ಜನರ ಸ್ಟಾರ್ಟಪ್ ಶಿರಸಿಯಲ್ಲಿ ಕೂತಿರುವ ಒಬ್ಬ ಎಂಜಿನಿಯರ್‌ಗಾಗಿ ಅಷ್ಟು ಹಣ ಕಟ್ಟುತ್ತದೆ ಎಂದು ಯಾರಾದರೂ ಹೇಳಿದರೆ, ಬರಹದಲ್ಲಿ ಕೊಡಿ ಎಂದು ಕೇಳಿ. ಗ್ರೀನ್ ಕಾರ್ಡ್‌ಗೆ ಯಾವುದೇ ಒಂದು ದೇಶದವರಿಗೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸಾಲು ದಶಕಗಳ ಉದ್ದಕ್ಕೆ ಬೆಳೆದಿದೆ. ನೇರವಾಗಿ ಸ್ಟಾರ್ಟಪ್‌ಗೆ ಹೋಗುವವರಿಗೆ ಅಮೆರಿಕವನ್ನು ನಾನು ಈಗ ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಹಾಗಾಗಿ ಇಲ್ಲಿಂದ ಮುಂದೆ ಅದರ ಮಾತು ಕಡಿಮೆ.

ದುಬೈಯಲ್ಲಿ ವೀಸಾ ರದ್ದಾದ ಮೇಲೆ ಸಿಗುವ ದಿನಗಳು ವೀಸಾದ ದರ್ಜೆಯಂತೆ ಬದಲಾಗುತ್ತವೆ, ಕೆಲವು ದರ್ಜೆಗೆ ಆರು ತಿಂಗಳವರೆಗೂ ಇದೆ. 2023ರಿಂದ ಅಲ್ಲಿ ಕೆಲಸ ಕಳೆದುಕೊಂಡವರಿಗೆ ಕಡ್ಡಾಯ ವಿಮೆ ಬಂದಿದೆ. ಒಂದು ವರ್ಷ ಕಂತು ಕಟ್ಟಿದ್ದರೆ ಮೂಲ ವೇತನದ ಶೇ 60ರಷ್ಟು, ಮಿತಿಯೊಳಗೆ, ಮೂರು ತಿಂಗಳವರೆಗೆ ಸಿಗುತ್ತದೆ. ಇಲ್ಲಿ 'ಮೂಲ ವೇತನ' ಎಂಬುದರ ಮೇಲೆ ಕಣ್ಣಿಡಿ. ಆಫರ್‌ನಲ್ಲಿ ಒಟ್ಟು ಸಂಬಳ ದೊಡ್ಡದಿಟ್ಟು ಮೂಲ ವೇತನ ಚಿಕ್ಕದಿಟ್ಟರೆ ಈ ವಿಮೆಯೂ ಸಣ್ಣದಾಗುತ್ತದೆ, ಕೆಲಸ ಬಿಡುವಾಗ ಬರುವ ಗ್ರಾಚುಟಿಯೂ ಸಣ್ಣದಾಗುತ್ತದೆ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ ಎಂಬುದು ಅಲ್ಲಿನ ಗ್ರಾಚುಟಿಯ ಲೆಕ್ಕ.

ಜರ್ಮನಿಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಸ್ಟಾರ್ಟಪ್ ಮುಳುಗಿದಾಗ ನೌಕರನನ್ನು ಹಿಡಿದೆತ್ತುವ ವ್ಯವಸ್ಥೆ ಈ ನಾಲ್ಕರಲ್ಲಿ ಗಟ್ಟಿಯಾಗಿರುವುದು ಅಲ್ಲೇ. ಬ್ಲೂ ಕಾರ್ಡ್ (ಯುರೋಪಿನ ಹೊರಗಿನ ನುರಿತ ನೌಕರರಿಗೆ ಕೊಡುವ ಕೆಲಸದ ಪರವಾನಗಿ) ಇದ್ದವರಿಗೆ ಹೊಸ ಕೆಲಸ ಹುಡುಕಲು ಸಾಮಾನ್ಯವಾಗಿ ಮೂರು ತಿಂಗಳು, ಎರಡು ವರ್ಷ ದಾಟಿದ್ದರೆ ಆರು ತಿಂಗಳು ಎಂಬುದು ಯುರೋಪಿನ ನಿಯಮ. ಕಂಪನಿ ದಿವಾಳಿಯಾಗಿ ಸಂಬಳ ಬಾಕಿ ಉಳಿದಿದ್ದರೆ, ದಿವಾಳಿಗೆ ಹಿಂದಿನ ಮೂರು ತಿಂಗಳ ಸಂಬಳವನ್ನು ಅಲ್ಲಿನ ಉದ್ಯೋಗ ಇಲಾಖೆಯೇ ಕೊಡುತ್ತದೆ. ಇದಕ್ಕೆ ಇನ್‌ಸೊಲ್ವೆಂಟ್ಸ್‌ಗೆಲ್ಡ್ ಎನ್ನುತ್ತಾರೆ. ಎರಡೂವರೆ ವರ್ಷದ ಅವಧಿಯಲ್ಲಿ 12 ತಿಂಗಳು ನಿರುದ್ಯೋಗ ವಿಮೆಯ ವಂತಿಗೆ ಕಟ್ಟಿದ್ದರೆ ಕೈಗೆ ಬರುತ್ತಿದ್ದ ಸಂಬಳದ ಶೇ 60, ಮಕ್ಕಳಿದ್ದರೆ ಶೇ 67 ನಿರುದ್ಯೋಗ ಭತ್ಯೆಯಾಗಿ ಬರುತ್ತದೆ. ನೋಟಿಸ್ ಕೈಗೆ ಬಂದ ಮೂರು ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಬೇಸರದಲ್ಲಿ ವಾರಗಟ್ಟಲೆ ಸುಮ್ಮನೆ ಕೂತರೆ ಭತ್ಯೆ ಕಡಿತವಾಗುತ್ತದೆ.

ಜರ್ಮನಿಯ ದೌರ್ಬಲ್ಯ ಮೊದಲ ಆರು ತಿಂಗಳು. ಪ್ರೊಬೇಷನ್ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಕಳಿಸಬಹುದು, ಆಗ ಮೇಲೆ ಹೇಳಿದ ಭತ್ಯೆಗೆ ಬೇಕಾದ 12 ತಿಂಗಳೂ ಆಗಿರುವುದಿಲ್ಲ. ಅಷ್ಟು ದಿನ ನಡೆಸುವ ದುಡ್ಡು ಕೈಯಲ್ಲಿರಲೇಬೇಕು.

ನೆದರ್‌ಲ್ಯಾಂಡ್ಸ್‌ನಲ್ಲೂ ಹುಡುಕಾಟಕ್ಕೆ ಮೂರು ತಿಂಗಳು ಸಿಗುತ್ತದೆ. ಆದರೆ ಅಲ್ಲಿ ಸರಕಾರದ ಪಟ್ಟಿಯಲ್ಲಿರುವ ಮಾನ್ಯ ಕಂಪನಿ ಮಾತ್ರ ಹೊರಗಿನವರನ್ನು ಸಾಮಾನ್ಯ ದಾರಿಯಲ್ಲಿ ಕರೆಸಿಕೊಳ್ಳಬಹುದು. ಹೊಸ ಸ್ಟಾರ್ಟಪ್‌ಗಳು ಎಷ್ಟೋ ಬಾರಿ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಪಟ್ಟಿ ಎಲ್ಲರಿಗೂ ತೆರೆದಿದೆ, ಆಮ್‌ಸ್ಟರ್‌ಡಾಮ್‌ನಿಂದ ಆಫರ್ ಬಂದ ದಿನವೇ ಕಂಪನಿಯ ಹೆಸರು ಹುಡುಕಿ ನೋಡಿ.

ಕೈಗೆ ಬರುವ ಹಣ

ಇಲ್ಲಿ ಸಾಲು ತಿರುವುಮುರುವಾಗುತ್ತದೆ. ದುಬೈಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಸಿಂಗಪುರದಲ್ಲಿ ತೆರಿಗೆಯ ಗರಿಷ್ಠ ದರವೇ ಶೇ 24, ಸಾಮಾನ್ಯ ಎಂಜಿನಿಯರ್ ಕಟ್ಟುವುದು ಅದಕ್ಕಿಂತ ಬಹಳ ಕಡಿಮೆ. ಜರ್ಮನಿಯಲ್ಲಿ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಸೇರಿ ಒಂಟಿಯಾಗಿರುವವರ ಸಂಬಳದಲ್ಲಿ ಶೇ 40ರ ಹತ್ತಿರ ಹೋಗುತ್ತದೆ. ಕಾರವಾರ, ಹೊನ್ನಾವರದ ಕ್ರೈಸ್ತ ಕುಟುಂಬದವರು ಇನ್ನೊಂದು ತಿಳಿದಿರಬೇಕು: ವಿಳಾಸ ನೋಂದಣಿಯ ಫಾರಂನಲ್ಲಿ ಕ್ಯಾಥೊಲಿಕ್ ಎಂದು ಬರೆದರೆ ಆದಾಯ ತೆರಿಗೆಯ ಶೇ 8 ಅಥವಾ 9ರಷ್ಟು ಚರ್ಚ್ ತೆರಿಗೆ ಬೇರೆ ಕಟ್ಟಬೇಕು.

ಹಾಗೆಂದು ದುಬೈಯ ಅಂಕಿಯನ್ನೂ ಬರ್ಲಿನ್‌ನ ಅಂಕಿಯನ್ನೂ ಪಕ್ಕಪಕ್ಕ ಬರೆದು ದೊಡ್ಡದನ್ನು ಆರಿಸುವುದು ಸರಿಯಲ್ಲ. ಬರ್ಲಿನ್‌ನಲ್ಲಿ ಮಗುವಿನ ಡೇ-ಕೇರ್‌ಗೆ ಶುಲ್ಕವಿಲ್ಲ, ಸರಕಾರಿ ಶಾಲೆಗೂ ಇಲ್ಲ. ದುಬೈಯಲ್ಲಿ ನಮ್ಮವರ ಮಕ್ಕಳು ಹೋಗುವುದು ಖಾಸಗಿ ಶಾಲೆಗೆ, ಎರಡು ಮಕ್ಕಳಿದ್ದರೆ ಉಳಿಸಿದ ತೆರಿಗೆ ಅಲ್ಲೇ ಕರಗುತ್ತದೆ. ಒಂಟಿಯಾಗಿದ್ದು ಮೂರ್ನಾಲ್ಕು ವರ್ಷ ದುಡಿದು, ಮನೆಯ ಸಾಲ ತೀರಿಸಿ ವಾಪಸು ಬರುವ ಲೆಕ್ಕವಿದ್ದರೆ ದುಬೈ, ಸಿಂಗಪುರ ಎರಡೂ ಬರ್ಲಿನ್‌ಗಿಂತ ಮುಂದೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಕನಿಷ್ಠ ಸಂಬಳದ ಗೆರೆಯೂ ಇದೆ. ಜರ್ಮನಿಯ ಬ್ಲೂ ಕಾರ್ಡ್‌ಗೆ 2025ರಲ್ಲಿ ವರ್ಷಕ್ಕೆ 48,300 ಯೂರೊ, ಐಟಿಯಂತಹ ಕೊರತೆಯ ಕ್ಷೇತ್ರಗಳಿಗೂ ಹೊಸ ಪದವೀಧರರಿಗೂ ಸುಮಾರು 43,760. ಪ್ರತಿ ಜನವರಿಯಲ್ಲಿ ಇದು ಬದಲಾಗುತ್ತದೆ. ಸಿಂಗಪುರದಲ್ಲಿ 2025ರಿಂದ ತಿಂಗಳಿಗೆ ಕನಿಷ್ಠ 5,600 ಸಿಂಗಪುರ ಡಾಲರ್, ವಯಸ್ಸು ಹೆಚ್ಚಿದಂತೆ ಈ ಮೊತ್ತವೂ ಏರುತ್ತದೆ, ಜೊತೆಗೆ ಕಂಪಾಸ್ ಎಂಬ ಅಂಕಪದ್ಧತಿಯಲ್ಲಿ 40 ಅಂಕ ಬೇಕು. ಇಪ್ಪತ್ತೈದಕ್ಕಿಂತ ಕಡಿಮೆ ವೃತ್ತಿಪರ ನೌಕರರಿರುವ ಕಂಪನಿಗೆ ಅದರಲ್ಲಿ ಕೆಲವು ಅಂಕ ತಾನಾಗಿಯೇ ಸಿಗುವುದು ಸಣ್ಣ ಸ್ಟಾರ್ಟಪ್‌ಗಳಿಗೆ ಅನುಕೂಲ. ಪದವಿ ಇಲ್ಲದೆ ಕೆಲಸದಲ್ಲೇ ಕಲಿತ ಪ್ರೋಗ್ರಾಮರ್‌ಗಳಿಗೂ ಜರ್ಮನಿ ಬಾಗಿಲು ತೆರೆದಿದೆ: ಕಳೆದ ಏಳು ವರ್ಷಗಳಲ್ಲಿ ಮೂರು ವರ್ಷದ ತಕ್ಕ ಅನುಭವವಿದ್ದರೆ ಐಟಿಯವರಿಗೆ ಪದವಿಯಿಲ್ಲದೆಯೂ ಬ್ಲೂ ಕಾರ್ಡ್ ಸಾಧ್ಯ. ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಿರುವ ನಮ್ಮ ಕಡೆಯ ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ.

ಜೊತೆಗೆ ಹೋಗುವವರು

ಮದುವೆಯಾಗಿದ್ದರೆ ಇದು ಅರ್ಧ ನಿರ್ಧಾರ. ಬ್ಲೂ ಕಾರ್ಡ್ ಇದ್ದವರ ಗಂಡ ಅಥವಾ ಹೆಂಡತಿಗೆ ಜರ್ಮನಿಯಲ್ಲಿ ಕಾಲಿಟ್ಟ ದಿನದಿಂದ ಯಾವ ಕೆಲಸಕ್ಕೂ ಸೇರುವ ಹಕ್ಕಿದೆ. ಸಿಂಗಪುರಕ್ಕೆ ಸಂಗಾತಿಯನ್ನು ಕರೆದೊಯ್ಯಲು ತಿಂಗಳಿಗೆ 6,000 ಸಿಂಗಪುರ ಡಾಲರ್ ಸಂಬಳ ಬೇಕು. ಕರೆದೊಯ್ದ ಮೇಲೂ ಅವರು ದುಡಿಯಬೇಕೆಂದರೆ ತಮ್ಮದೇ ಪಾಸ್ ಪಡೆಯಬೇಕು. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಒಳ್ಳೆಯ ಕೆಲಸದಲ್ಲಿದ್ದ ಹೆಣ್ಣುಮಗಳು ಹೊರದೇಶದ ಫ್ಲಾಟಿನಲ್ಲಿ ಗಂಡ ಬರುವ ಹೊತ್ತನ್ನೇ ಕಾಯುತ್ತ ಕೂರುವುದನ್ನು ಮನೆಯವರು ಸಣ್ಣ ವಿಷಯ ಎಂದುಕೊಳ್ಳಬಾರದು. ಆಫರ್ ಒಬ್ಬರಿಗೆ ಬಂದಿದ್ದರೂ ಊರು ಬಿಡುವವರು ಇಬ್ಬರು. ಆಕೆಯ ವೃತ್ತಿಗೆ ಅಲ್ಲಿ ದಾರಿ ಇದೆಯೇ ಎಂದು ಮೊದಲೇ ನೋಡಬೇಕು, ಆಕೆಯೇ ನೋಡಬೇಕು.

ಗಂಡುಮಕ್ಕಳಿರುವವರಿಗೆ ಸಿಂಗಪುರದ ಬಗ್ಗೆ ಒಂದು ಮಾತು. ಅಲ್ಲಿ ಕಾಯಂ ನಿವಾಸ ಪಡೆದು ಮಗನಿಗೂ ಅದನ್ನು ಮಾಡಿಸಿದರೆ, ದೊಡ್ಡವನಾದಾಗ ಅವನು ಕಡ್ಡಾಯ ರಾಷ್ಟ್ರೀಯ ಸೇವೆ ಮಾಡಬೇಕು.

ನೆಲೆ ನಿಲ್ಲುವುದು

ಜರ್ಮನಿಯಲ್ಲಿ ಬ್ಲೂ ಕಾರ್ಡ್ ಇದ್ದವರಿಗೆ 27 ತಿಂಗಳಲ್ಲಿ ಕಾಯಂ ನಿವಾಸ ಸಿಗಬಹುದು, ಜರ್ಮನ್ ಭಾಷೆಯನ್ನು ಬಿ1 ಎಂಬ ಮಧ್ಯಮ ಮಟ್ಟದವರೆಗೆ ಕಲಿತರೆ 21 ತಿಂಗಳಲ್ಲೇ. ಅದು ಕೈಗೆ ಬಂದ ಮೇಲೆ ಕಂಪನಿ ಮುಚ್ಚಿದರೂ ದೇಶ ಬಿಡಬೇಕಿಲ್ಲ. ಸ್ಟಾರ್ಟಪ್‌ನಲ್ಲಿ ದುಡಿಯುವವರಿಗೆ ಇದಕ್ಕಿಂತ ದೊಡ್ಡ ಭದ್ರತೆ ನನಗೆ ಕಾಣುವುದಿಲ್ಲ. ದುಬೈಯಲ್ಲಿ ಎಷ್ಟು ವರ್ಷ ಇದ್ದರೂ ಹೆಚ್ಚಿನವರ ನೆಲೆ ವೀಸಾ ನವೀಕರಣದ ಮೇಲೇ ನಿಂತಿರುತ್ತದೆ. ಭಟ್ಕಳದವರು ಇದನ್ನು ಚೆನ್ನಾಗಿ ಬಲ್ಲರು, ಅದಕ್ಕೇ ಅವರು ಅಲ್ಲಿ ದುಡಿದು ಇಲ್ಲಿ ಮನೆ ಕಟ್ಟುತ್ತಾರೆ.

ಬರ್ಲಿನ್‌ನಲ್ಲಿ ಮನೆ ಸಿಗುವುದು ವೀಸಾ ಸಿಗುವುದಕ್ಕಿಂತ ಕಷ್ಟ. ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಮುಂಗಡ ಕೇಳಬಹುದು. ಎಷ್ಟೋ ಮನೆಗಳಲ್ಲಿ ಅಡುಗೆಮನೆಯೇ ಖಾಲಿ, ಒಲೆ, ಸಿಂಕ್, ಕಪಾಟು ಎಲ್ಲ ನೀವೇ ತರಬೇಕು. ವಾಸಕ್ಕೆ ಹೋದ 14 ದಿನದೊಳಗೆ ವಿಳಾಸ ನೋಂದಾಯಿಸಬೇಕು. ಅದಿಲ್ಲದೆ ತೆರಿಗೆ ಸಂಖ್ಯೆ ಬರುವುದು ತಡವಾಗುತ್ತದೆ, ಬ್ಯಾಂಕ್ ಕೆಲಸವೂ ತೊಡಕಾಗುತ್ತದೆ. ನೋಂದಣಿಗೆ ಅವಕಾಶವಿಲ್ಲದ ತಾತ್ಕಾಲಿಕ ಮನೆಯನ್ನು ಅಗ್ಗವೆಂದು ಹಿಡಿಯಬೇಡಿ. ಮೊದಲ ಕೆಲವು ತಿಂಗಳಿಗೆ ನೋಂದಣಿ ಸಮೇತ ಮನೆ ಕೊಡುತ್ತೀರಾ ಎಂದು ಕಂಪನಿಯನ್ನೇ ಕೇಳಿ. ಕೊಡುವ ಕಂಪನಿಗಳಿವೆ. ದುಬೈಯಲ್ಲಿ ಮನೆ ಬೇಗ ಸಿಗುತ್ತದೆ, ಆದರೆ ವರ್ಷದ ಬಾಡಿಗೆಯನ್ನು ಕೆಲವೇ ಚೆಕ್‌ಗಳಲ್ಲಿ ಮುಂಚಿತವಾಗಿ ಬರೆದುಕೊಡುವ ರೂಢಿ ಇದೆ. ಸಿಂಗಪುರದಲ್ಲಿ ಬಾಡಿಗೆಯೇ ಸಂಬಳದ ದೊಡ್ಡ ತುಂಡು ನುಂಗುತ್ತದೆ.

ಬರ್ಲಿನ್‌ನ ಸ್ಟಾರ್ಟಪ್‌ಗಳಲ್ಲಿ ಆಫೀಸಿನ ಭಾಷೆ ಇಂಗ್ಲಿಷ್. ಆಫೀಸಿನ ಹೊರಗೆ ವೈದ್ಯರು, ಮನೆ ಮಾಲೀಕರು, ಸರಕಾರಿ ಪತ್ರಗಳು ಎಲ್ಲವೂ ಜರ್ಮನ್. ಮನೆಯಲ್ಲಿ ಹವ್ಯಕವೋ ಕೊಂಕಣಿಯೋ ನವಾಯತಿಯೋ, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್, ಹಿಂದಿ ಎಂದು ಕಲಿತು ಬಂದ ನಮ್ಮ ಜಿಲ್ಲೆಯವರಿಗೆ ಇನ್ನೊಂದು ಭಾಷೆ ಹೆದರಿಕೆಯ ವಿಷಯವಲ್ಲ. ಹೊರಡುವ ಮೊದಲೇ ಜರ್ಮನ್‌ನ ಮೊದಲ ಹಂತವಾದ ಎ1 ಮುಗಿಸಿಕೊಂಡರೆ ಅಲ್ಲಿನ ಮೊದಲ ವರ್ಷ ತುಂಬ ಸುಲಭವಾಗುತ್ತದೆ.

ಚಳಿಗಿಂತ ಕತ್ತಲೆ ಹೆಚ್ಚು ಕಾಡುತ್ತದೆ. ಡಿಸೆಂಬರ್‌ನಲ್ಲಿ ಬರ್ಲಿನ್‌ನ ಸೂರ್ಯ ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ಶಿರಸಿಯ ಆಷಾಢದ ಮಳೆ ಕಂಡವರಿಗೆ ಮೋಡ ಹೊಸತಲ್ಲ, ಆದರೆ ಇಲ್ಲಿ ಆ ಮಳೆಯಲ್ಲಿ ಮನೆ ತುಂಬ ಜನ ಇರುತ್ತಾರೆ. ನವೆಂಬರ್‌ಗಿಂತ ಏಪ್ರಿಲ್‌ನಲ್ಲಿ ಹೋಗಿ ಸೇರಿಕೊಳ್ಳುವುದು ಮೇಲು. ಜನರ ವಿಷಯದಲ್ಲಿ ದುಬೈ ಎಲ್ಲಕ್ಕಿಂತ ಹತ್ತಿರ. ಕರಾವಳಿಯವರು, ಕನ್ನಡ ಸಂಘ, ಯಕ್ಷಗಾನ, ಕುಚ್ಚಲಕ್ಕಿ, ತಾಜಾ ಬಂಗಡೆ ಎಲ್ಲ ಸಿಗುತ್ತದೆ, ಮಂಗಳೂರಿನಿಂದ ನೇರ ವಿಮಾನವೂ ಇದೆ.

ಪೆಟ್ಟಿಗೆ ಕಟ್ಟುವಾಗಿನ ಮಾತು ಸಣ್ಣದೆನಿಸಬಹುದು, ಆದರೆ ಪರಿಣಾಮ ಸಣ್ಣದಲ್ಲ. ಗಸಗಸೆ ದುಬೈಗೂ ಸಿಂಗಪುರಕ್ಕೂ ನಿಷಿದ್ಧ. ಪಾಯಸಕ್ಕೆಂದು ಆಯಿ ಕಟ್ಟಿಕೊಟ್ಟ ಚಿಕ್ಕ ಪೊಟ್ಟಣವೂ ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ. ದುಬೈಗೆ ವೀಳ್ಯದೆಲೆಯೂ ನಿಷಿದ್ಧ, ಕವಳದ ಸಂಚಿ ಮನೆಯಲ್ಲೇ ಇರಲಿ. ಯುರೋಪಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಊರಿನ ತುಪ್ಪವೂ ಅದರಲ್ಲಿ ಸೇರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಣಗಿಸಿದ ಮುರುಗಲು ಸಿಪ್ಪೆ ಒಯ್ಯಬಹುದು.

ಮನೆ, ತೋಟ, ಅಪ್ಪಯ್ಯ, ಆಯಿ

ಬೇರೆ ಜಿಲ್ಲೆಯವರ ಹೋಲಿಕೆಗಳಲ್ಲಿ ಈ ಭಾಗ ಇರುವುದಿಲ್ಲ, ನಮಗೆ ಇದು ಬಿಟ್ಟರೆ ಹೋಲಿಕೆಯೇ ಇಲ್ಲ. ನಮ್ಮಲ್ಲಿ ಗಂಭೀರ ಕಾಯಿಲೆ ಬಂದರೆ ಇಂದಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆಯೂ ಹೆದ್ದಾರಿಯೂ ಯಾವಾಗ ಬಂದ್ ಆಗುತ್ತದೆ ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಬರ್ಲಿನ್‌ನಿಂದ ಬೆಂಗಳೂರಿಗೆ ಬಂದಿಳಿದ ಮೇಲೂ ಮನೆಗೆ ಇನ್ನೊಂದು ರಾತ್ರಿಯ ಪ್ರಯಾಣ ಉಳಿದಿರುತ್ತದೆ. ದುಬೈ, ಸಿಂಗಪುರದಿಂದಲಾದರೆ ವಿಮಾನದಲ್ಲಿ ಕಳೆಯುವುದು ನಾಲ್ಕೈದು ತಾಸು. ಒಬ್ಬನೇ ಮಗ ಅಥವಾ ಒಬ್ಬಳೇ ಮಗಳು, ಮನೆಯಲ್ಲಿ ಹೃದಯದ ತೊಂದರೆ ಇರುವ ಹಿರಿಯರು, ಪಕ್ಕದಲ್ಲಿ ಓಡಿಬರುವ ದಾಯಾದಿಗಳಿಲ್ಲ ಎಂದಾದರೆ, ಉಳಿದ ಎಲ್ಲ ಲೆಕ್ಕದಲ್ಲಿ ಜರ್ಮನಿ ಮುಂದಿದ್ದರೂ ನಾನು ಹತ್ತಿರದ ದೇಶವನ್ನೇ ಹೇಳುತ್ತೇನೆ. ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ಯಾವ ಆಸ್ಪತ್ರೆಗೆ, ಆ ರಾತ್ರಿ ಹಣ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಹೊರಡುವ ಮೊದಲು ಹೆಸರು ಹಿಡಿದು ಗೊತ್ತುಮಾಡಿಕೊಳ್ಳಿ.

ತೋಟದ ವಿಷಯಕ್ಕೆ ಬಂದರೆ, ಅನಿವಾಸಿಯಾದ ಮೇಲೆ ಭಾರತದಲ್ಲಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಲು ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮ ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಪಕ್ಕದ ಅಡಿಕೆ ತೋಟ ಮಾರಾಟಕ್ಕೆ ಬಂದಿದೆ, ಜರ್ಮನಿಗೆ ಹೋಗಿ ದುಡ್ಡು ಕಳಿಸಿ ಕೊಂಡರಾಯಿತು ಎಂಬ ಯೋಜನೆ ನಿಮ್ಮ ಹೆಸರಿನಲ್ಲಿ ನಡೆಯುವುದಿಲ್ಲ. ಮುಂದೆ ಜರ್ಮನ್ ಪೌರತ್ವ ಪಡೆದರೆ ಭಾರತದ ಪಾಸ್‌ಪೋರ್ಟ್ ಬಿಡಬೇಕು, ಜರ್ಮನಿ 2024ರಿಂದ ಎರಡು ಪೌರತ್ವ ಒಪ್ಪಿದರೂ ಭಾರತ ಒಪ್ಪುವುದಿಲ್ಲ. ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದವರಿಗೂ ಕೃಷಿ ಜಮೀನು ಖರೀದಿ ಇಲ್ಲ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಮದ್ದು ಹೊಡೆಸುವುದು, ಕೊನೆಗೌಡರನ್ನು ಹೊಂದಿಸುವುದು, ಅಡಿಕೆಯನ್ನು ಸೊಸೈಟಿಗೆ ಕಳಿಸುವುದು ಯಾರ ಜವಾಬ್ದಾರಿ ಎಂಬುದನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂತು ಮಾತಾಡಿಯೇ ಹೊರಡಬೇಕು. ಫೋನಿನಲ್ಲಿ ತೋಟ ನಡೆಯುವುದಿಲ್ಲ.

ಹೊರಡುವ ತಿಂಗಳಿಗೂ ಬೆಲೆ ಇದೆ, ಮುಖ್ಯವಾಗಿ ದುಬೈಗೆ ಹೋಗುವವರಿಗೆ. ನಮ್ಮ ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ಆ ವರ್ಷ ನೀವು ಇಲ್ಲಿನ ನಿವಾಸಿ, ಹೊರಗೆ ದುಡಿದದ್ದಕ್ಕೂ ಇಲ್ಲಿ ತೆರಿಗೆ. ಸೆಪ್ಟೆಂಬರ್ ಮಧ್ಯದೊಳಗೆ ಹೋದವರಿಗೂ ನವೆಂಬರ್‌ನಲ್ಲಿ ಹೋದವರಿಗೂ ಇದರಿಂದ ದೊಡ್ಡ ವ್ಯತ್ಯಾಸವಾಗುತ್ತದೆ. ಶಿರಸಿಯ ಬ್ಯಾಂಕಿನಲ್ಲಿರುವ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಯ ಖಾತೆ, ಮಾಡಿಸುವುದನ್ನೂ ಮರೆಯಬೇಡಿ.

ಇಲ್ಲೇ ಕೂತು ಮಾಡುವುದು

ಮನೆಯಲ್ಲಿ ಫೈಬರ್ ಸಂಪರ್ಕ ಹಾಕಿಸಿಕೊಂಡು ಹೊರದೇಶದ ಸ್ಟಾರ್ಟಪ್‌ಗೆ ಕೆಲಸ ಮಾಡುವ ದಾರಿಯನ್ನೂ ಈ ಹೋಲಿಕೆಗೆ ಸೇರಿಸಿಕೊಳ್ಳಿ. ಯುರೋಪಿನ ಕಂಪನಿಯಾದರೆ ಸಮಯ ಹೊಂದುತ್ತದೆ: ಬರ್ಲಿನ್‌ನ ಬೆಳಗಿನ ಒಂಬತ್ತು ನಮಗೆ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಬೆಳಗ್ಗೆ ತೋಟ ನೋಡಿಕೊಂಡು ಊಟದ ಹೊತ್ತಿಗೆ ಲ್ಯಾಪ್‌ಟಾಪ್ ತೆಗೆಯಬಹುದು. ಅಮೆರಿಕದ ಪಶ್ಚಿಮ ಕರಾವಳಿಯ ಕಂಪನಿಯಾದರೆ ನಿದ್ದೆ ಕೆಡುತ್ತದೆ. ಕಾಂಟ್ರಾಕ್ಟರ್ ಆಗಿ ದುಡಿದರೆ ಪಿಎಫ್ ಇಲ್ಲ, ರಜೆಯ ಭರವಸೆ ಇಲ್ಲ, ಒಂದೇ ಇಮೇಲ್‌ನಲ್ಲಿ ಕೆಲಸ ಮುಗಿಯಬಹುದು. ಮುಗಿದರೂ ಮನೆಯಲ್ಲೇ ಇರುತ್ತೀರಿ ಎಂಬುದು ಇದರ ಬಲ. ಮಳೆಗಾಲದ ಕರೆಂಟಿಗೆ ಇನ್ವರ್ಟರ್, ಎರಡನೇ ಇಂಟರ್ನೆಟ್ ಸಂಪರ್ಕ ಎರಡೂ ಬೇಕೇ ಬೇಕು.

ಯಾರು ಯಾವುದನ್ನು ಆರಿಸಬೇಕು ಎಂದು ನನ್ನನ್ನು ಕೇಳಿದರೆ: ಇಪ್ಪತ್ತೈದು ದಾಟಿದ, ಹಿರಿಯರು ಗಟ್ಟಿಯಾಗಿರುವ, ಹತ್ತು ವರ್ಷದ ಯೋಚನೆ ಇರುವ ದಂಪತಿಗಳಿಗೆ ಜರ್ಮನಿ. ಕೆಲವೇ ವರ್ಷ ದುಡಿದು ಬರುವ ಒಂಟಿ ಜೀವಕ್ಕೆ ಸಿಂಗಪುರ, ಸಂಬಂಧಿಕರು ಅಲ್ಲಿದ್ದರೆ ದುಬೈ. ಮನೆಯ ಭಾರ ಹೆಗಲ ಮೇಲಿರುವವರಿಗೆ ಶಿರಸಿಯಿಂದಲೇ ಯುರೋಪಿನ ಕೆಲಸ. ಆಫರ್ ಇಲ್ಲದೆ ಹೋಗಿ ಹುಡುಕಲು ಜರ್ಮನಿ 2024ರ ಜೂನ್‌ನಿಂದ ಶಾನ್ಸೆನ್‌ಕಾರ್ಟ ಎಂಬ ಒಂದು ವರ್ಷದ ವೀಸಾ ಕೊಡುತ್ತಿದೆ. ಆದರೆ ಅದಕ್ಕೆ 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೊ ನಿಮ್ಮ ಬಳಿ ಇದೆ ಎಂದು ತೋರಿಸಬೇಕು. ಸಾಲ ಮಾಡಿ ಈ ದಾರಿ ಹಿಡಿಯಬೇಡಿ.

ಸಹಿ ಮಾಡುವ ಮೊದಲು, ಊರು ಬಿಡುವ ಮೊದಲು

ಕಂಪನಿಯನ್ನು ನೇರವಾಗಿ ಕೇಳಿ: ಈಗಿರುವ ಹಣ ಎಷ್ಟು ತಿಂಗಳಿಗೆ ಸಾಕು? ಹದಿನೆಂಟು ತಿಂಗಳಿಗಿಂತ ಕಡಿಮೆ ಎಂದರೆ ಹೊಸ ಹೂಡಿಕೆಯ ಮಾತುಕತೆ ಎಲ್ಲಿಗೆ ಬಂದಿದೆ ಎಂದೂ ಕೇಳಿ. ಉತ್ತರ ಕೊಡಲು ಹಿಂಜರಿಯುವ ಕಂಪನಿಗೆ ಮನೆಮಠ ಬಿಟ್ಟು ಹೋಗಬೇಡಿ. ಷೇರುಗಳಿಗೆ ನಾಲ್ಕು ವರ್ಷದ ವೆಸ್ಟಿಂಗ್ (ಷೇರು ಸ್ವಲ್ಪ ಸ್ವಲ್ಪವಾಗಿ ನಿಮ್ಮದಾಗುವ ಅವಧಿ), ಮೊದಲ ವರ್ಷ ಮುಗಿಯುವವರೆಗೆ ಏನೂ ಸಿಗದು ಎಂಬುದು ಸಾಮಾನ್ಯ ಕರಾರು. ಜರ್ಮನಿಯಲ್ಲಿ ಎಷ್ಟೋ ಸ್ಟಾರ್ಟಪ್‌ಗಳು ಕೊಡುವುದು ನಿಜವಾದ ಷೇರನ್ನಲ್ಲ, ಕಂಪನಿ ಮಾರಾಟವಾದಾಗ ಹಣ ಕೊಡುತ್ತೇವೆ ಎಂಬ ವರ್ಚುವಲ್ ಷೇರನ್ನು. ಕೆಲಸ ಬಿಟ್ಟರೆ ಅದು ಉಳಿಯುತ್ತದೆಯೇ ಎಂದು ಕರಾರಿನಲ್ಲಿ ನೋಡಿ. ಮನೆ ಖರ್ಚಿನ ಲೆಕ್ಕದಲ್ಲಿ ಷೇರಿನ ಬೆಲೆಯನ್ನು ಸೊನ್ನೆ ಎಂದೇ ಹಿಡಿಯಿರಿ.

ಕಾಗದಪತ್ರಗಳಲ್ಲಿ ಹೆಸರು ಒಂದೇ ರೀತಿ ಇರಲಿ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರ್‌ನಲ್ಲಿ ಊರಿನ ಹೆಸರೂ ಸೇರಿ ಮೂರು ಥರ ಇರುವುದು ಸಾಮಾನ್ಯ. ಇದನ್ನು ಸರಿಪಡಿಸಲು ತಿಂಗಳುಗಳು ಹಿಡಿಯುತ್ತವೆ, ಆಫರ್ ಬರುವ ಮೊದಲೇ ಶುರುಮಾಡಿ. ದೇವಸ್ಥಾನದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದವರು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿಕೊಳ್ಳಿ, ಅದಿಲ್ಲದೆ ಸಂಗಾತಿಯ ವೀಸಾ ಮುಂದೆ ಹೋಗುವುದಿಲ್ಲ. ಜರ್ಮನಿಗೆ ಹೋಗುವವರು ತಮ್ಮ ಪದವಿಯೂ ವಿಶ್ವವಿದ್ಯಾಲಯವೂ ವಿದೇಶಿ ಪದವಿಗಳ ಮಾನ್ಯತೆ ತೋರಿಸುವ ಅನಾಬಿನ್ ಎಂಬ ಪಟ್ಟಿಯಲ್ಲಿ ಹೇಗಿದೆ ಎಂದು ನೋಡಬೇಕು. ದುಬೈಗೆ ಹೋಗುವವರು ಪದವಿ ಪ್ರಮಾಣಪತ್ರಕ್ಕೆ ವಿದೇಶಾಂಗ ಇಲಾಖೆ ಮತ್ತು ಯುಎಇ ರಾಯಭಾರ ಕಚೇರಿ ಎರಡರ ಮುದ್ರೆಯನ್ನೂ ಹಾಕಿಸಬೇಕು, ಅದಕ್ಕೆ ಮೂಲ ಪ್ರತಿಯೇ ಬೇಕು. ಘಟಿಕೋತ್ಸವದ ಪ್ರಮಾಣಪತ್ರವನ್ನು ಇನ್ನೂ ವಿಶ್ವವಿದ್ಯಾಲಯದಿಂದ ತಂದುಕೊಳ್ಳದವರು ಈ ವಾರವೇ ಅರ್ಜಿ ಹಾಕಿ.